ಮಾಸ್ತರು ಕಲಿಸಿದ ಮೈಲು

"ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್" ಎಂದು ಮೊಮ್ಮಗಳು ಯಾಮಿನಿ ಓದುತ್ತಿದ್ದಂತೆ, ತೊಗರಿ ಕೇರುತ್ತಿದ್ದ ಲಚ್ಚಮ್ಮನ ಕೈ ನಿಂತಿತು.

"ಅಲ್ಲವ್ವಾ, ಒಂದು ಲಕ್ಷ ಎಂಬತ್ತಾರು ಸಾವಿರ ಮೈಲು."

ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂಬ ಮುಷ್ಕರಕ್ಕೆ ಅವರೂರು ಮನೂರಿನ ಶಾಲೆ ಮುಚ್ಚಿ ತಿಂಗಳಾಗಿತ್ತು. ಯಾಮಿನಿ ನಕ್ಕಳು. "ನಿನಗ್ಯಾರು ಹೇಳ್ಯಾರ, ಆಯಿ?"

"ನಮ್ಮ ಮಾಸ್ತರು. ಅರವತ್ತೊಂಬತ್ತನೇ ಇಸವಿಯಾಗನೂ ಹಿಂಗೇ ತೆಲಂಗಾಣಕ್ಕ ಸಾಲಿ ಬಂದ್ ಆಗಿತ್ತು. ಮತ್ತ ತೆರೆಯೋದ್ರಾಗ ನನ್ನ ಲಗ್ನ ಆಗಿತ್ತು."

ಯಾಮಿನಿ ಆ ಮೈಲುಗಳನ್ನು ಕಿಲೋಮೀಟರಿಗೆ ತಿರುಗಿಸಲು ಒಂದು ಪಾಯಿಂಟ್ ಆರರಿಂದ ಗುಣಿಸಿದಳು. ಹೆಚ್ಚುಕಡಿಮೆ ಮೂರು ಲಕ್ಷವೇ ಬಂತು. "ಆಯಿ, ನಿಂದೂ ಖರೇನ ಅದ!"

ಮಾಸ್ತರರ ಸೀಮೆಸುಣ್ಣ ಹತ್ತಿದ ಬೆರಳು, ಬೇವಿನ ನೆರಳಿನ ಕರಿಹಲಗೆ ಲಚ್ಚಮ್ಮನ ಕಣ್ಣಿಗೆ ಕಟ್ಟಿದವು. ಮೊರ ಕೆಳಗಿಟ್ಟು ಮೊಮ್ಮಗಳ ಪಕ್ಕಕ್ಕೆ ಸರಿದು ಕೂತಳು.

"ಮುಂದಿಂದು ಓದವ್ವಾ. ನಮ್ಮ ಮಾಸ್ತರು ಅಷ್ಟಕ್ಕೇ ನಿಲ್ಲಿಸಿದ್ರು."