ಎತ್ತು ಹೂಡದ ವಾರ

ಗಂಡನ ಅಂಗಿಯನ್ನು ಮೂಸಿ ನೋಡಿದಳು ನೇತ್ರಾ. ಹೂವಿನ ವಾಸನೆಯಿಲ್ಲ, ಅತ್ತರಿನ ವಾಸನೆಯಿಲ್ಲ. ಸಂಶಯ ಮಾತ್ರ ಹೋಗಲಿಲ್ಲ.

ಸೋಮವಾರ ಎತ್ತು ಹೂಡುವಂತಿಲ್ಲ, ಬಸವಣ್ಣನ ವಾರ. ಊರ ಗಂಡಸರು ಎತ್ತಿನ ಮೈ ತೊಳೆದು ಕಟ್ಟೆಗೆ ಕೂರುತ್ತಾರೆ. ಅವಳ ಗಂಡ ಚನ್ನೇಶ ಮಾತ್ರ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಹಾನಗಲ್ ಬಸ್ಸು ಹತ್ತುತ್ತಿದ್ದ. ಕೇಳಿದರೆ, "ಸ್ವಲ್ಪ ಕೆಲಸೈತಿ." ಯಾವ ಕೆಲಸವೆಂದು ಬಾಯಿ ಬಿಡಲೊಲ್ಲ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅವನ ಮುಖ. ಮಳೆಗಾಲದುದ್ದಕ್ಕೂ ಅರ್ಧ ಊಟಕ್ಕೇ ಏಳುತ್ತಿದ್ದವನು, ನಿದ್ದೆಯಿಲ್ಲದೆ ಅಂಗಳ ಸುತ್ತುತ್ತಿದ್ದವನು, ಈಗ ಸಾರು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ಹಾಸಿಗೆಗೆ ಬಿದ್ದೊಡನೆ ಗೊರಕೆ.

"ಗಂಡಸಿನ ಮಾರಿಗೆ ಅಂಥಾ ಕಳಿ ಸುಮ್ನ ಬರಂಗಿಲ್ಲವ್ವಾ," ಎಂದಳು ನೆರೆಮನೆಯ ಮಹಾದೇವಕ್ಕ, ಶೇಂಗಾ ಸುಲಿಯುತ್ತ. "ಪ್ಯಾಟ್ಯಾಗ ಯಾರೋ ದೀಪಕ್ಕ ಎಣ್ಣಿ ಹಾಕಾಕತ್ತಾರ."

ಕಟ್ಟಿಕೊಂಡ ಸಂಸಾರ ಕೈಬಿಟ್ಟು ಹೋಗುತ್ತಿದೆ ಎನಿಸಿ ನೇತ್ರಾ ಅಣ್ಣನನ್ನು ಕರೆಸಿದಳು. ಮಹಾಲಿಂಗಪ್ಪ ಗಟ್ಟಿ ಆಳು. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಬಂದವರಿಗೆಲ್ಲ ತಾನೇ ಚಹಾ ಕೊಟ್ಟವನು. ಮೀಸೆಯ ಮೇಲೆ ಕೈಯಾಡಿಸಿದ.

"ಕಾಲ ಮುರದ ತಂದ ಹಾಕ್ತೇನಿ. ನೀ ರೊಟ್ಟಿ ಬಡಿ."

ಆ ಸೋಮವಾರ ಚನ್ನೇಶನ ಬೆನ್ನು ಹತ್ತಿದ. ಸಂಜೆ ಇಬ್ಬರೂ ಒಂದೇ ಬಸ್ಸಿನಿಂದ ಇಳಿದರು. ಯಾರ ಕಾಲೂ ಮುರಿದಿರಲಿಲ್ಲ.

"ಯಾರಣ್ಣಾ ಅಕಿ?"

"ಯಾರೂ ಇಲ್ಲ. ಅಂವನ ಮ್ಯಾಲೆ ಸಂಶೇ ಪಡಬ್ಯಾಡ." ಅಣ್ಣ ಅವಳ ಮುಖ ನೋಡಲಿಲ್ಲ. "ಆದ್ರೂ ಮುಂದಿನ ವಾರ ಮತ್ತ ಹೋಗಿ ಬರ್ತೇನಿ."

ಸಂಶಯ ಬೇಡವೆಂದವನು ಮತ್ತೆ ಯಾಕೆ ಹೋಗಬೇಕು? ಹೋದ. ಅದರ ಮುಂದಿನ ವಾರವೂ ಹೋದ. ಈಗ ಅವನೂ ಇಸ್ತ್ರಿ ಅಂಗಿ ತೊಡುತ್ತಿದ್ದ.

ಮಹಾದೇವಕ್ಕ ಬಿದ್ದು ಬಿದ್ದು ನಕ್ಕಳು. "ಬೆಕ್ಕ ಕಾಯಾಕ ಬೆಕ್ಕ ಕಳಿಸಿದೆಲ್ಲವ್ವಾ! ಗಡಿಗಿ ಒಂದ, ನೆಕ್ಕಾವ್ರು ಇಬ್ರು."

ಮರು ಸೋಮವಾರ ನೇತ್ರಾ ಸೆರಗು ಬಿಗಿದು, ಬಸ್ಸಿನ ಹಿಂದೆ ಟಂಟಂ ಆಟೊ ಹಿಡಿದಳು. ಹಾನಗಲ್‌ನಲ್ಲಿ ಇಳಿದ ಇಬ್ಬರೂ ದೊಡ್ಡ ದವಾಖಾನೆಯ ಹಿಂಬದಿಗೆ ತಿರುಗಿದರು. ಅವಳು ಓಡಿ ಮುಟ್ಟುವಷ್ಟರಲ್ಲಿ ಮೂಲೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಹೆಣ್ಣಿನ ದನಿ. ಹೊರಗೆ ಬೆಂಚಿನ ಮೇಲೆ ಚನ್ನೇಶ ಒಬ್ಬನೇ.

"ಒಳಗ ಯಾರಾಕಿ?"

ಅವನು ತಲೆ ತಗ್ಗಿಸಿದ. "ಡಾಕ್ಟರಬಾಯಿ. ಮನಸಿಗೆ ಔಷಧ ಕೊಡಾವ್ರು."

ನೇತ್ರಾಳ ಸಿಟ್ಟು ಕಾಲಡಿ ಇಳಿಯಿತು. "ನಿಮಗೇನಾಗೇತ್ರಿ? ನನ್ನ ಮುಂದ ಯಾಕ ಹೇಳಲಿಲ್ಲ?"

"ಬದುಕೋದ ಬ್ಯಾಡಾಗಿತ್ತು. ತಲಿಕೆಟ್ಟಾಂವ ಅಂತ ನೀ ತವರಿಗೆ ಹೋಗಿಬಿಡ್ತಿ ಅಂತ ಅಂಜಿದ್ದೆ. ಇಲ್ಲಿ ಬಂದ ಮಾತಾಡಿ ಮಾತಾಡಿ ಆರಾಮಾಗೇನಿ. ಇನ್ನ ನನ್ನ ಪಾಳಿ ಮುಂದಿನ ತಿಂಗಳ."

"ಮತ್ತ ವಾರಾ ವಾರಾ ಯಾಕ ಬರ್ತೀರಿ?"

"ಒಬ್ಬನ ಬರಾಕ ನಿಮ್ಮಣ್ಣ ನಾಚ್ತಾನ. ಒಳಗ ಕುಂತಾನ, ಬಾಗಲಾ ಬಡೀಬ್ಯಾಡ."