ಎರಡನೇ ಎಕ್ಸ್-ರೇ

ನಾಯಿ ಗುಂಡನ ಎಕ್ಸ್-ರೇಯಲ್ಲಿ ಮೂತ್ರಕೋಶದ ಜಾಗದಲ್ಲಿ ಬೆಳ್ಳಗೆ ಒಂದು ಚುಕ್ಕೆ ಕಂಡಾಗ ಡಾಕ್ಟರಮ್ಮ ಅದನ್ನೇ ಎರಡೆರಡು ಸಲ ನೋಡಿದರು. ಐದು ದಿನದ ಹಿಂದೆ ಆ ಮೂತ್ರಕೋಶವನ್ನು ಕೊಯ್ದು ಏಳು ಕಲ್ಲು ತೆಗೆದವರು ಅವರೇ. ಅವತ್ತು ಎಕ್ಸ್-ರೇ ಯಂತ್ರ ಕೆಟ್ಟಿತ್ತು. ಇನ್ನೇನೂ ಉಳಿದಿಲ್ಲವೆಂದು ಬೆರಳಿನಲ್ಲೇ ತಡವಿ ನೋಡಿ ಹೊಲಿಗೆ ಹಾಕಿದ್ದರು. ಈಗ ನಾಯಿ ಹತ್ತು ಸಲ ಕಾಲೆತ್ತಿದರೆ ನಾಲ್ಕು ಹನಿ, ಅದೂ ಕೆಂಪಗೆ.

"ಯಜಮಾನ್ರೇ, ಒಂದು ಕಲ್ಲು ಬಿಟ್ಟುಬಿಟ್ಟಿದ್ದೀನಿ ಅನ್ಸುತ್ತೆ. ತಪ್ಪು ನನ್ನದೇ," ಎಂದರು, ಗುಂಡನ ತಲೆ ಹಿಡಿದು ನಿಂತಿದ್ದ ವಯಸ್ಸಾದ ಟೈಲರಿಗೆ. "ಮತ್ತೆ ಕೊಯ್ಯಬೇಕಾಗಬಹುದು. ಬೇರೆ ಡಾಕ್ಟರ ಹತ್ರ ಹೋಗ್ತೀನಿ ಅಂದ್ರೂ ನಂಗೆ ಬೇಜಾರಿಲ್ಲ."

ಟೈಲರ್ ನಾಯಿಯ ಕಿವಿ ನೀವಿದ. "ನಾನು ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಬಟ್ಟೆಗೆ ಲೆಕ್ಕ ಇದೆಯಾ ಡಾಕ್ಟ್ರೇ? ಬಿಚ್ಚಿ. ಆದ್ರೆ ನೀವೇ ಬಿಚ್ಚಿ."

ಡಾಕ್ಟರಮ್ಮ ಖಚಿತ ಮಾಡಿಕೊಳ್ಳಲು ಗುಂಡನನ್ನು ಪಕ್ಕಕ್ಕೆ ಮಲಗಿಸಿ ಇನ್ನೊಂದು ಚಿತ್ರ ತೆಗೆದರು. ಚುಕ್ಕೆ ಮೂತ್ರಕೋಶದಲ್ಲಿರಲಿಲ್ಲ, ಅದರ ಮೇಲಿನ ಕರುಳಿನಲ್ಲಿತ್ತು. ಮೊದಲು ದುಂಡಗೆ ಕಂಡದ್ದು ಈಗ ಚಪ್ಪಟೆ, ನಡುವೆ ಪುಟ್ಟ ಉಬ್ಬು. ಟೈಲರ್ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದ.

"ಅಯ್ಯೋ, ಇದು ನಮ್ಮಂಗಡಿ ಟಿಚ್ ಬಟನ್! ಯಾವಾಗ ನುಂಗಿದನೋ ಹೊಟ್ಟೆಬಾಕ!"

ಡಾಕ್ಟರಮ್ಮ ಸ್ಟೂಲಿನ ಮೇಲೆ ಧಪ್ಪನೆ ಕೂತರು. ತಡೆಯಲಾಗದೆ ನಗು ಬಂತು. "ಅದು ಎರಡು ದಿನದಲ್ಲಿ ತಾನಾಗೇ ಹೊರಗೆ ಬೀಳುತ್ತೆ. ಒಳಗಿನ ಗಾಯ ಇನ್ನೂ ಹಸಿ, ಪದೇ ಪದೇ ಕಾಲೆತ್ತೋದೂ ರಕ್ತಾನೂ ಅದಕ್ಕೇ. ಕಲ್ಲು ಇಲ್ಲ ಯಜಮಾನ್ರೇ, ಒಂದೂ ಇಲ್ಲ!"