ಮೂರನೇ ಕಿಟಕಿಯ ಹನಿ

“ಕಾಲು ಹನಿ ಎಲ್ಲಿ ಹೋಗಾಕತ್ತೈತಿ?” ನಿದ್ದೆಕೇಂದ್ರದ ಖಾಲಿ ಕೋಣೆಯಲ್ಲಿ, ಹನಿಯ ಅಳತೆ ಪರೀಕ್ಷಿಸುವ ನೀಲವ್ವ ಗಟ್ಟಿಯಾಗಿ ಕೇಳಿದಳು.

ಮೂರನೇ ಕಿಟಕಿಯಲ್ಲಿ ಹನಿ ಹಾಕುವ ಪಿಪೆಟ್ಟಿನಿಂದ ತಕ್ಕಡಿಯ ಮೇಲೆ ಮತ್ತೆ ನೀರು ಬಿಟ್ಟಳು. ಮತ್ತೆ ತೂಕ ಕಡಿಮೆ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಉಂಗುರ ಸವೆದಿತ್ತು. ಮನುಷ್ಯರಿಗೆ ನಿದ್ದೆ ತಾನಾಗಿ ಬರುವುದು ನಿಂತು ವರ್ಷಗಳಾಗಿದ್ದವು. ಸಂಜೆ ಕೇಂದ್ರದ ಕಿಟಕಿಯಲ್ಲಿ ನಾಲಿಗೆಗೆ ಬೀಳುವ ನಿದ್ದೆಮದ್ದಿನ ಹನಿ ಎಷ್ಟೋ, ಅವರ ರಾತ್ರಿ ಅಷ್ಟೇ. ಹೊರಗೆ ಸರದಿ ಆಗಲೇ ಚಡಪಡಿಸುತ್ತಿತ್ತು.

ಆ ಕಿಟಕಿಯಲ್ಲಿ ತಮ್ಮ ಓಣಿಯವರಿಗೆ ಹನಿ ಹಾಕುವ ಗುರುಪಾದಪ್ಪ ಒಳಗೆ ಬಂದು ಉಂಗುರ ನೋಡಿದ.

“ಅದನ್ನ ಬದಲಿ ಮಾಡಬ್ಯಾಡ ಯವ್ವಾ.”

“ನಿಮಗ ಗೊತ್ತಿತ್ತೇನ್ರಿ ಕಾಕಾ?”

“ಗೊತ್ತಿತ್ತು. ಹನಿ ಕಮ್ಮಿ ಅಂತನ ನಮ್ಮ ಓಣಿ ಬೆಳ್ಳಿ ಮೂಡೂದ್ರಾಗ ಏಳತೈತಿ. ನಾ ಪುರಾಣ ಓದ್ತೀನಿ, ಕಟ್ಟಿ ತುಂಬ ಮಂದಿ ಕೂತು ಕೇಳ್ತಾರ. ನೀನೂ ಬರ್ತೀಯಲ್ಲ! ತುಂಬಿದ ಹನಿ ಕೊಟ್ರ ನನ್ನ ಪದ್ಯ ಓಣಿ ನಾಯಿ ಕೇಳ್ತಾವೇನ?”

ನೀಲವ್ವನ ಕೈ ನಿಂತಿತು. ಆ ಹೊತ್ತಿಗೆ ತನ್ನನ್ನು ಎಬ್ಬಿಸುವುದು ಭಕ್ತಿಯೆಂದೇ ಅವಳು ನಂಬಿದ್ದಳು. ಪದ್ಯ ಕಿವಿಗೆ ಬೀಳದ ದಿನ ಅವಳಿಗೆ ಯಾವ ಕೆಲಸವೂ ಸೇರುತ್ತಿರಲಿಲ್ಲ. ಕಿಟಕಿಯಾಚೆ ಅದೇ ಓಣಿಯ ಗೌಂಡಿ ಮಲ್ಲೇಶಿ ನಿಂತಿದ್ದ. ನಿದ್ದೆಗೆಟ್ಟು ತಲೆ ತಿರುಗಿ, ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದು ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ.

ಅವಳು ಹೊಸ ಉಂಗುರ ಕೈಗೆತ್ತಿಕೊಂಡಳು.

“ಶ್ರಾವಣ ಮುಗಿಯೂತನಕರೆ ಬಿಡು. ಪುರಾಣ ಮಂಗಳ ಆಗಲಿ.”

“ಒಂದ ರಾತ್ರಿನೂ ಬಿಡೂದಿಲ್ಲ, ಕಾಕಾ.”